ಒಟ್ಲಿಗೂ ಮುಂಚಿನ ಮೂರು ದಿನ

ನಾಲೆಗೆ ನೀರು ಬಿಡುತ್ತಾರೆಂಬ ಸುದ್ದಿ ಬಂದದ್ದೇ ತಡ, ಮಂಡ್ಯದ ಕಡೆ ಭತ್ತದ ಒಟ್ಲಿಗೆ, ಅಂದರೆ ಸಸಿಮಡಿಗೆ, ತಯಾರಿ ಶುರು. ಮನೆಯಲ್ಲೇ ಎತ್ತಿಟ್ಟ ಬಿತ್ತನೆ ಭತ್ತವಾದರೆ ಬಕೆಟ್ಟು, ಕಲ್ಲುಪ್ಪಿನ ಜೊತೆಗೆ ಒಂದು ಕೋಳಿಮೊಟ್ಟೆಯೂ ಅಂಗಳಕ್ಕೆ ಬರುತ್ತದೆ.

ಮೊಟ್ಟೆ ಇಲ್ಲಿ ಅಳತೆಗೋಲು. ಬರೀ ನೀರಲ್ಲಿ ಅದು ತಳ ಸೇರುತ್ತದೆ. ಉಪ್ಪು ಹಾಕಿ ಕದಡುತ್ತಾ ಹೋದರೆ ಮೆಲ್ಲಗೆ ಮೇಲೇಳುತ್ತದೆ. ಅದರ ನೆತ್ತಿ ನಾಲ್ಕಾಣೆ ಪಾವಲಿಯಷ್ಟು ಅಗಲ ಕಂಡಾಗ ಉಪ್ಪು ಸಾಕು. 10 ಲೀಟರ್ ನೀರಿಗೆ ಹೆಚ್ಚುಕಡಿಮೆ ಒಂದೂವರೆ ಕಿಲೋ ಬೇಕಾದೀತು. ಮೊಟ್ಟೆ ಮಾತ್ರ ಹೊಸದಿರಬೇಕು. ಹಳೆಯದು ಬರೀ ನೀರಲ್ಲೇ ತೇಲಿ ಎಲ್ಲರನ್ನೂ ಮೋಸಗೊಳಿಸುತ್ತದೆ.

ಆ ನೀರಿಗೆ ಭತ್ತ ಸುರಿದರೆ ಜೊಳ್ಳೂ ಅರೆಬರೆ ತುಂಬಿದ ಕಾಳೂ ಮೇಲಕ್ಕೆ ಬರುತ್ತವೆ. ಹೊಟ್ಟಿನ ಮೇಲಿಂದ ನೋಡಿದರೆ ಗಟ್ಟಿ ಕಾಳಿಗೂ ಅರೆಗಾಳಿಗೂ ವ್ಯತ್ಯಾಸವೇ ಕಾಣದು. ಆದರೆ ಎಲೆ ಹಸಿರಾಗಿ ತನ್ನ ಅನ್ನ ತಾನೇ ಮಾಡಿಕೊಳ್ಳುವವರೆಗೆ ಸಸಿಯ ಹೊಟ್ಟೆಪಾಡು ಕಾಳಿನೊಳಗಿನ ಹಿಟ್ಟಿನಿಂದಲೇ. ತೇಲಿದ್ದನ್ನು ಜರಡಿಯಲ್ಲಿ ಎತ್ತಿ, ಮುಳುಗಿದ್ದನ್ನು ಎರಡು ಮೂರು ಸಲ ಒಳ್ಳೆಯ ನೀರಲ್ಲಿ ತೊಳೆಯಬೇಕು. ಉಪ್ಪು ಉಳಿದರೆ ಮೊಳಕೆಗೇ ಕುತ್ತು.

ಆಮೇಲಿನದು ಇನ್ನೂ ಸೊಗಸು. ಒಂದು ಹಗಲು, ಒಂದು ರಾತ್ರಿ ನೆನೆದ ಭತ್ತವನ್ನು ಗೋಣಿಚೀಲದಲ್ಲಿ ಕಟ್ಟಿ, ಹುಲ್ಲು ಮುಚ್ಚಿ ಇಡುತ್ತಾರೆ. ಉಸಿರಾಡುವ ಕಾಳುಗಳು ಒಳಗೆ ಕಾವು ಹುಟ್ಟಿಸುತ್ತವೆ. ಚೀಲದೊಳಗೆ ಕೈ ತೂರಿಸಿ ನೋಡಿ, ಬಿಸಿ ಹೆಚ್ಚಿದ್ದರೆ ನೀರು ಚಿಮುಕಿಸಿ, ಮತ್ತೆ ಕಟ್ಟುತ್ತಾರೆ. ನೋಡುವ ಅಗತ್ಯ ಇಲ್ಲದಾಗಲೂ ಒಮ್ಮೆ ಕೈ ಹಾಕಿ ಬರುವವರೇ ಹೆಚ್ಚು! ಬಿಳಿ ಮೂತಿ ಕಂಡರೆ ಬಿತ್ತನೆಗೆ ಸಿದ್ಧ. ಇನ್ನೂ ತಡೆದರೆ ಬೇರುಗಳು ಹೆಣೆದುಕೊಂಡು, ಎರಚುವಾಗ ಮುರಿಯುತ್ತವೆ.

ಈ ಉಪಚಾರದ ಹುಚ್ಚು ಹಳೆಯದು. ಬೀಜವನ್ನು ಹಾಲಲ್ಲಿ ನೆನೆಸಿ, ತುಪ್ಪದ ಕೈಯಲ್ಲಿ ತಿಕ್ಕಿ, ಸಗಣಿಯಲ್ಲಿ ಹೊರಳಿಸುವ ವಿಧಾನ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿದೆ. ಹನ್ನೊಂದನೇ ಶತಮಾನದ ಚಾವುಂಡರಾಯ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲೂ ವೃಕ್ಷಾಯುರ್ವೇದಕ್ಕೆ ಜಾಗವುಂಟು. ಇಂದಿನ ದರದಲ್ಲಿ ಹಾಲು-ತುಪ್ಪದ ಉಪಚಾರ ಬೆಳೆಯ ಲಾಭವನ್ನೇ ನುಂಗೀತು.

ತೊಗರಿ, ಶೇಂಗಾಕ್ಕೆ ಬೆಲ್ಲದ ಪಾಕ ಸಾಕು. ಪಾಕ ತಣ್ಣಗಾದ ಮೇಲೆ ರೈಜೋಬಿಯಂ ಪುಡಿ ಬೆರೆಸಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸುತ್ತಾರೆ. ಬಿಸಿಲು ತಾಗಿದರೆ ಅದರೊಳಗಿನ ಜೀವಾಣು ಸಾಯುತ್ತದೆ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ. ಶೇಂಗಾ ಬೀಜದ ಸಿಪ್ಪೆ ಬಲು ನಾಜೂಕು. ಅವಸರದಲ್ಲಿ ಉಜ್ಜಿದರೆ ಕೆಂಪು ಪೊರೆ ಸುಲಿದು ಬೇಳೆ ಎರಡಾಗುತ್ತದೆ, ಅಂಥದ್ದು ಚಟ್ನಿಗೇ ಲಾಯಕ್ಕು.

ಹಿಂದೆ ಹತ್ತಿಬೀಜದ ತುಪ್ಪಳ ಒಂದಕ್ಕೊಂದು ಅಂಟದಂತೆ ಸಗಣಿ, ಬೂದಿ ಹಚ್ಚಿ ತಿಕ್ಕುತ್ತಿದ್ದರು. ಈಗ ಆಮ್ಲದಲ್ಲಿ ತುಪ್ಪಳ ತೆಗೆದು, ಔಷಧ ಲೇಪಿಸಿ, ಬಣ್ಣ ಹಚ್ಚಿದ ಬೀಜವೇ ಪೊಟ್ಟಣದಲ್ಲಿ ಬರುತ್ತದೆ. ಆ ಬಣ್ಣ ಅಂದಕ್ಕಲ್ಲ, ಎಚ್ಚರಿಕೆಗೆ: ಬಿತ್ತಿ ಉಳಿದದ್ದನ್ನು ಕೋಳಿಗೂ ಹಾಕುವಂತಿಲ್ಲ.