ಮದ್ದಿಲ್ಲದ ರಾಕೆಟ್ಟು

ನಮ್ಮ ಕಡೆ ‘ಮದ್ದು’ ಎಂಬ ಶಬ್ದಕ್ಕೆ ಮೂರು ಅರ್ಥ. ಜ್ವರ ಬಂದಾಗ ಕುಡಿಯುವುದು ಮದ್ದು. ಮಳೆಗಾಲದಲ್ಲಿ ಕೊಳೆರೋಗ ಬಾರದ ಹಾಗೆ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣವೂ ಮದ್ದು. ಬೆಡಿಗೆ ತುಂಬಿಸುವುದೂ ಮದ್ದೇ. ಏಪ್ರಿಲ್ 17ರ ರಾತ್ರಿ ಪುತ್ತೂರಿನ ದೇವರಮಾರು ಗದ್ದೆಯಲ್ಲಿ ನಿಂತು ಮಹಾಲಿಂಗೇಶ್ವರ ದೇವರ ಜಾತ್ರೆಯ ಬೆಡಿ ನೋಡಿದವರಿಗೆ ಈ ಮೂರನೆಯದನ್ನು ವಿವರಿಸುವ ಅಗತ್ಯವಿಲ್ಲ. ನೋಡದವರಿಗೆ ವಿವರಿಸಿ ಪ್ರಯೋಜನವಿಲ್ಲ :-)

ನಮ್ಮ ಮನೆಯೊಳಗೆ ಮೊದಲಿನ ಎರಡು ಮದ್ದಿಗೆ ಮಾತ್ರ ಪ್ರವೇಶ. ದೀಪಾವಳಿಗೆ ನಕ್ಷತ್ರಕಡ್ಡಿ, ನೆಲಚಕ್ರ, ಅಲ್ಲಿಗೆ ಮುಗಿಯಿತು. ಪಕ್ಕದ ಮನೆಯವರು ಬಾಟಲಿಯಲ್ಲಿ ನಿಲ್ಲಿಸಿ ರಾಕೆಟ್ಟು ಬಿಡುವಾಗ ನಾವು ಅಂಗಳದ ಈಚೆ ತುದಿಯಲ್ಲಿ ನಿಂತು ನೋಡಬೇಕು. ಕಾರಣ ನನ್ನ ಸೋದರಮಾವನ ಎಡಗೈ.

ಮಾವನಿಗೆ ಹನ್ನೆರಡು ವರ್ಷ ಆಗಿದ್ದಾಗ, ಎಪ್ಪತ್ತರ ದಶಕದಲ್ಲಿ, ದೀಪಾವಳಿಯ ಮರುದಿನ ಸಿಡಿಯದೆ ಉಳಿದ ಪಟಾಕಿಗಳನ್ನೆಲ್ಲ ಹೆಕ್ಕಿ ಅದರ ಮದ್ದನ್ನು ಒಂದು ಕಬ್ಬಿಣದ ಪೈಪಿನ ತುಂಡಿಗೆ ತುಂಬಿಸಿದರಂತೆ. ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿ ಇನ್ನೂ ಎಲ್ಲರ ಬಾಯಲ್ಲಿದ್ದ ಕಾಲ. ಇವರಿಗೂ ರಾಕೆಟ್ಟು ಬಿಡುವ ಆಸೆ. ಪೈಪು ಮೇಲೆ ಹೋಗಲಿಲ್ಲ. ಎಡಗೈಯ ಕಿರುಬೆರಳು, ಅದರ ಪಕ್ಕದ್ದು, ಎರಡೂ ಹೋದವು. ಸುಳ್ಯದಿಂದ ಆಚೆ ದೊಡ್ಡ ಆಸ್ಪತ್ರೆಗೆ ಬಾಡಿಗೆ ಜೀಪಿನಲ್ಲಿ ಹೋದದ್ದು, ದಾರಿಯುದ್ದಕ್ಕೂ ಅಜ್ಜ ಒಂದೇ ಒಂದು ಮಾತಾಡದೆ ಕೂತದ್ದು – ಇದನ್ನೆಲ್ಲ ಅಮ್ಮ ಪ್ರತೀ ದೀಪಾವಳಿಗೆ ತಪ್ಪದೆ ಹೇಳುತ್ತಿದ್ದಳು. ಮಾವ ಹೇಳುತ್ತಿರಲಿಲ್ಲ. ಅವರು ಉಳಿದ ಬೆರಳುಗಳಲ್ಲೇ ಅಡಿಕೆ ಸುಲಿಯುವುದರಲ್ಲಿ ಊರಿಗೆ ಮುಂದು.

ಹೀಗಿರುವ ಮನೆಯಲ್ಲಿ ನನಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ನಮ್ಮ ಮನೆ ಕಾಣಿಯೂರಿನಿಂದ ಸ್ವಲ್ಪ ಒಳಗೆ. (ನಾನು ಶಾಲೆಗೆ ಹೋಗುವಾಗ ಅದು ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ಮನೆ ಮಾತ್ರ ಅಲ್ಲೇ ಉಂಟು.) ಶಾಲೆಯ ವಿಜ್ಞಾನ ಮಾಷ್ಟ್ರು ಒಮ್ಮೆ ಜ್ಯೂಸಿನ ಬಾಟಲಿಗೆ ನೀರು ಹಾಕಿ, ಸೈಕಲ್ ಪಂಪಿನಲ್ಲಿ ಗಾಳಿ ತುಂಬಿಸಿ ಮೈದಾನದಲ್ಲಿ ಹಾರಿಸಿ ತೋರಿಸಿದರು. ಅದು ತೆಂಗಿನ ಮರದಷ್ಟು ಎತ್ತರಕ್ಕೆ ಹೋಯಿತು. ನಾನು ಮನೆಗೆ ಓಡಿ ಬಂದು ಹೇಳಿದೆ. ಅಮ್ಮ ‘ರಾಕೆಟ್ಟು’ ಎಂಬ ಶಬ್ದ ಕೇಳಿಯೇ ಎದ್ದು ಒಳಗೆ ಹೋದಳು. ಆ ದಿನ ಮನೆಗೆ ಬಂದಿದ್ದ ಮಾವ ಕೇಳಿದರು,

"ಮದ್ದು ಉಂಟಾ ಅದರಲ್ಲಿ?"

"ಇಲ್ಲ ಮಾವ, ನೀರು."

"ಹಾಗಾದ್ರೆ ಅಡ್ಡಿಯಿಲ್ಲ. ಅಮ್ಮನ ಹತ್ರ ನಾನು ಹೇಳ್ತೇನೆ."

ನೀರು ಯಾಕೆ ಎಂದು ಕೇಳಬಹುದು. ಬರೇ ಗಾಳಿ ತುಂಬಿಸಿ ಬಿಟ್ಟರೆ ಅದು ಹಗುರ, ಪುಸಕ್ಕನೆ ಹೊರಗೆ ಹೋಗಿ ಮುಗಿಯುತ್ತದೆ, ಬಾಟಲಿಯನ್ನು ಹೆಚ್ಚು ನೂಕುವುದಿಲ್ಲ. ನೀರು ಭಾರ. ಒಳಗಿನ ಗಾಳಿ ಆ ಭಾರವನ್ನು ಕೆಳಗೆ ನೂಕಿದಷ್ಟೂ ಬಾಟಲಿ ಮೇಲೆ ಹೋಗುತ್ತದೆ. ಹಾಗೆಂದು ನೀರು ತುಂಬಿಸಿಬಿಟ್ಟರೆ ಗಾಳಿಗೆ ಜಾಗವಿಲ್ಲ. ಮೂರರಲ್ಲಿ ಒಂದು ಪಾಲು ನೀರು ಹೆಚ್ಚು ಕಡಿಮೆ ಸರಿಯಾದ ಲೆಕ್ಕ. ಬಾಯಿಗೆ ಬಿರಡೆ, ಬಿರಡೆಯೊಳಗೆ ಫುಟ್‌ಬಾಲಿಗೆ ಗಾಳಿ ಹಾಕುವ ಸೂಜಿ.

ರೆಕ್ಕೆಗೆ ಏನು ಮಾಡುವುದು? ಅಡಿಕೆ ತೋಟದವನಿಗೆ ಇದೊಂದು ಪ್ರಶ್ನೆಯೇ! ಹಾಳೆ. ಒಣಗಿದ ಹಾಳೆ ಹಗುರ, ಗಟ್ಟಿ, ಕತ್ತರಿಸಲಿಕ್ಕೆ ಸುಲಭ, ಮೇಲಿಂದ ಧರ್ಮಕ್ಕೆ ಸಿಗುತ್ತದೆ. ಮೂರು ರೆಕ್ಕೆ ಅಂಟಿಸಿದ ನಮ್ಮ ಮೊದಲನೆಯ ರಾಕೆಟ್ಟು ನೋಡಲಿಕ್ಕೆ ನಿಜಕ್ಕೂ ಚಂದ ಇತ್ತು. ಮೊದಲ ಸಲ ನೇರ ಹೋಯಿತು. ಎರಡನೆಯ ಸಲ ಸ್ವಲ್ಪ ವಾರೆ. ಮೂರನೆಯ ಸಲ ಎರಡಾಳು ಎತ್ತರಕ್ಕೆ ಹೋದದ್ದು ಹಾವಿನ ಹಾಗೆ ಸುರುಳಿ ಸುತ್ತಿ, ತಿರುಗಿ, ಹಟ್ಟಿಯ ಹಂಚಿನ ಮೇಲೆ ಬಿತ್ತು. ಎರಡು ಹಂಚು ಒಡೆಯಿತು, ಒಳಗೆ ದನ ಕುಣಿಯಿತು. ಒದ್ದೆಯಾದ ಹಾಳೆ ಮೆತ್ತಗಾಗಿ ಬಾಗುತ್ತದೆ, ಪ್ರತೀ ಸಲ ನೀರು ಚೆಲ್ಲಿದ ಹಾಗೆ ರೆಕ್ಕೆಯ ಕೋನ ಬದಲಾಗುತ್ತದೆ. ಹಾಳೆಯ ಈ ಗುಣ ಊಟಕ್ಕೆ ಕೂತವರಿಗೆ ಗೊತ್ತಾಗುವುದಿಲ್ಲ, ರಾಕೆಟ್ಟಿಗೆ ಗೊತ್ತಾಗುತ್ತದೆ. ಅಜ್ಜಿ ಹೇಳಿದ್ದು ಇಷ್ಟೇ: "ನಾಳೆ ಹಾಲು ಕಡಿಮೆಯಾದ್ರೆ ನಿನ್ನ ರಾಕೆಟ್ಟನ್ನೇ ಕರೆ."

ಮುಂದಿನದ್ದರ ಮೂತಿಗೆ ಮಾವನೇ ಗದ್ದೆಯ ಜೇಡಿಮಣ್ಣಿನ ಉಂಡೆ ಮೆತ್ತಿಸಿದರು. ಭಾರ ಮುಂದೆ ಇರಬೇಕು, ಗಾಳಿ ಹಿಡಿಯುವುದು ಹಿಂದೆ ಇರಬೇಕು, ಬಾಣದ ಹಾಗೆ. ಇದನ್ನು ನಾನು ಆಮೇಲೆ ಎಂಜಿನಿಯರಿಂಗ್ ಪುಸ್ತಕದಲ್ಲಿ ಅರ್ಧ ಪುಟದ ಸಮೀಕರಣವಾಗಿ ಓದಿದೆ. ಜೇಡಿಮಣ್ಣಿನದ್ದು ಎಷ್ಟು ನೇರ ಹೋಯಿತೆಂದರೆ ಅಡಿಕೆ ಮರದ ಮಂಡೆಯಲ್ಲಿ ಹೋಗಿ ಕೂತಿತು. ಅದನ್ನು ಇಳಿಸಲಿಕ್ಕೆಂದೇ ಯಾರೂ ಮರ ಹತ್ತಲಿಲ್ಲ. ಮಳೆಗಾಲದಲ್ಲಿ ಮದ್ದು ಬಿಡಲಿಕ್ಕೆ ಹತ್ತಿದವರು ಕೆಳಗೆ ಬಿಸಾಡಿದರು, ಬೋರ್ಡೋ ಬಿದ್ದು ಚಂದದ ನೀಲಿ ಬಣ್ಣ ಬಂದಿತ್ತು. ಅಂತೂ ನನ್ನ ರಾಕೆಟ್ಟಿಗೂ ಮದ್ದು ತಾಗಿತು.

ರಾಬರ್ಟ್ ಗಾಡರ್ಡ್ ಎಂಬ ಪುಣ್ಯಾತ್ಮ 1926ರ ಮಾರ್ಚ್ 16ರಂದು ಅಮೆರಿಕದ ಆಬರ್ನ್ ಎಂಬ ಊರಿನ ಜಮೀನಿನಲ್ಲಿ ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ಟು ಹಾರಿಸಿದ. ಎರಡೂವರೆ ಸೆಕೆಂಡು ಹಾರಿ, ಸುಮಾರು 12 ಮೀಟರ್ ಮೇಲೆ ಹೋಗಿ, ಕ್ಯಾಬೇಜು ಗದ್ದೆಯಲ್ಲಿ ಬಿತ್ತು. ಎತ್ತರದ ಲೆಕ್ಕದಲ್ಲಿ ನಮ್ಮದೇನೂ ಕಡಿಮೆಯಲ್ಲ ಎಂದು ಆಗ ನನ್ನ ಅಭಿಪ್ರಾಯ.

ಅದೇ ದೇಶದಲ್ಲಿ 1950ರ ದಶಕದಲ್ಲಿ ಮಕ್ಕಳು ಮನೆಯಲ್ಲೇ ಮದ್ದು ಅರೆದು ಕೈ, ಕಣ್ಣು ಕಳಕೊಳ್ಳುತ್ತಿದ್ದರು. ನೆಬ್ರಾಸ್ಕದ ನಾರ್ಫೋಕ್ ಎಂಬ ಊರಿನಲ್ಲಿ ಚಪ್ಪಲಿ-ಶೂ ಅಂಗಡಿ ಇಟ್ಟಿದ್ದ ಓರ್ವಿಲ್ ಕಾರ್ಲೈಲ್, 1954ರಲ್ಲಿ ಕಾಗದದ ಕೊಳವೆಯ ಪುಟ್ಟ ರಾಕೆಟ್ಟು ಮಾಡಿದರು. ಅದಕ್ಕೆ ಬೇಕಾದ ಎಂಜಿನ್ ಮೊದಲೇ ತಯಾರಾದದ್ದು, ಹಾಕಿ ಹಾರಿಸಿ ತೆಗೆದು ಬಿಸಾಡುವುದು. ಹ್ಯಾರಿ ಸ್ಟೈನ್ ಎಂಬ ರಾಕೆಟ್ ಎಂಜಿನಿಯರ್ ಜತೆ ಸೇರಿದ ಮೇಲೆ ಅದೇ ಒಂದು ಹವ್ಯಾಸವಾಗಿ ಬೆಳೆಯಿತು. ಮಕ್ಕಳು ಮದ್ದು ಮುಟ್ಟಬಾರದು, ಆದರೆ ರಾಕೆಟ್ಟು ಬಿಡಬೇಕು – ಎಷ್ಟು ಸರಳ ಉಪಾಯ ನೋಡಿ. ಅಂಥ ಎಂಜಿನ್ ಸಿಗುತ್ತದೋ ಎಂದು ನಾನು ಪುತ್ತೂರಿನ ಅಂಗಡಿಗಳಲ್ಲೆಲ್ಲ ಕೇಳಿದ್ದೇನೆ. ಒಬ್ಬರು ಸ್ಪ್ರೇಯರಿನ ಎಂಜಿನ್ ತೋರಿಸಿದರು. ನಮ್ಮಲ್ಲಿ ಹುಡುಗರಿಗೆ ಸಿಗುವುದು ಎರಡೇ: ಅಂಗಡಿಯ ಪಟಾಕಿ, ಅಥವಾ ‘ಸುಮ್ಮನೆ ಕೂತ್ಕೋ’. ನಡುವಿನದ್ದು ಯಾವುದೂ ಇಲ್ಲ. ಈ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟು ಉಂಟು.

ನನಗೆ ಆ ನಡುವಿನದ್ದು ಸಿಕ್ಕಿದ್ದು ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಒಬ್ಬ ಗೆಳೆಯನ ಪೆನ್‌ಡ್ರೈವಿನಲ್ಲಿ. ‘ಕರ್ಬಲ್ ಸ್ಪೇಸ್ ಪ್ರೋಗ್ರಾಮ್’ ಎಂಬ ಆಟದ ಡೆಮೋ. ಹಸಿರು ಬಣ್ಣದ, ದೊಡ್ಡ ತಲೆಯ ಪುಟಾಣಿ ಜೀವಿಗಳು. ಅವುಗಳಿಗೆ ನಾವು ರಾಕೆಟ್ಟು ಕಟ್ಟಿ ಕೊಡಬೇಕು. ಮೆಕ್ಸಿಕೋ ನಗರದಲ್ಲಿ ಇದನ್ನು ಮಾಡಿದ ಫೆಲಿಪೆ ಫಲಾಂಗೆ ಎಂಬವರು ಹುಡುಗರಾಗಿದ್ದಾಗ ಪಟಾಕಿ ರಾಕೆಟ್ಟುಗಳಿಗೆ ತಗಡಿನ ಸಣ್ಣ ಬೊಂಬೆಗಳನ್ನು ಕಟ್ಟಿ ಹಾರಿಸುತ್ತಿದ್ದರಂತೆ. ಆ ಬೊಂಬೆಗಳ ಹೆಸರೇ ಕರ್ಬಲ್. 2011ರ ಜೂನಿನಲ್ಲಿ ಆಟ ಹೊರಗೆ ಬಂತು. ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಮಾವನ ಪೈಪು.

ಮೊದಲ ರಾತ್ರಿ ಹದಿನಾಲ್ಕು ರಾಕೆಟ್ಟು ಸುಟ್ಟು ಹೋಯಿತು. ಕೆಲವು ನಿಂತಲ್ಲೇ ಮುರಿದು ಬಿದ್ದವು, ಒಂದು ಮೂತಿ ಕೆಳಗೆ ಮಾಡಿ ಸಮುದ್ರಕ್ಕೆ ಹೋಯಿತು. ಹದಿನೈದನೆಯದು ನೇರ ಮೇಲೆ, ಆಕಾಶ ಕಪ್ಪಾಗುವವರೆಗೆ ಹೋಯಿತು. ಇಡೀ ರೂಮು ಚಪ್ಪಾಳೆ ಹೊಡೆಯಿತು. ಆಮೇಲೆ ಅದು ನೇರ ಕೆಳಗೆ ಬಂತು!

ನನ್ನ ಮಟ್ಟಿಗೆ ಆ ಆಟದ ಸಾರ ಇಲ್ಲಿದೆ. ಅಡಿಕೆ ತೋಟದಲ್ಲಿ ಹತ್ತು ವರ್ಷ ರಾಕೆಟ್ಟು ಬಿಟ್ಟರೂ ಗೊತ್ತಾಗದ ಸಂಗತಿ ಒಂದು ವಾರದಲ್ಲಿ ಗೊತ್ತಾಗುತ್ತದೆ: ಮೇಲೆ ಹೋಗುವುದು ಬೇರೆ, ಮೇಲೆ ಉಳಿಯುವುದು ಬೇರೆ. ಉಳಿಯಬೇಕಾದರೆ ಅಡ್ಡಕ್ಕೆ ಓಡಬೇಕು. ಎಷ್ಟು ಜೋರು ಎಂದರೆ, ಬೀಳುತ್ತಾ ಇರುವಾಗಲೇ ಭೂಮಿಯ ಉರುಟು ನಮ್ಮ ಕಾಲ ಕೆಳಗಿಂದ ಅಷ್ಟೇ ವೇಗದಲ್ಲಿ ಬಾಗಿ ಜಾರಿಕೊಂಡು ಹೋಗುವಷ್ಟು. ಕರ್ಬಲ್‌ಗಳ ಗ್ರಹ ತೀರಾ ಸಣ್ಣದು, ತ್ರಿಜ್ಯ 600 ಕಿಲೋಮೀಟರ್. ಅಲ್ಲಿ ಸೆಕೆಂಡಿಗೆ 2.3 ಕಿಲೋಮೀಟರ್ ಅಡ್ಡ ವೇಗ ಸಾಕು. ನಮ್ಮ ಭೂಮಿಯಲ್ಲಿ 7.7 ಬೇಕು. ಅದಕ್ಕೇ ಇಸ್ರೋದವರ ರಾಕೆಟ್ಟು ಶ್ರೀಹರಿಕೋಟದಿಂದ ಎದ್ದು ಸ್ವಲ್ಪ ಹೊತ್ತಿಗೇ ಸಮುದ್ರದ ಕಡೆ ವಾಲುವುದು. ಟಿವಿ ನೋಡುತ್ತಾ "ಅಯ್ಯೋ ವಾರೆ ಆಯ್ತು" ಎಂದು ಅಮ್ಮ ಹೆದರುತ್ತಿದ್ದಳಲ್ಲ, ಅದೇ.

(ನಿಜವಾದ ಭೂಮಿ, ನಿಜವಾದ ಲೆಕ್ಕವೇ ಬೇಕು ಎನ್ನುವವರಿಗೆ ಲಂಡನ್ನಿನ ಮಾರ್ಟಿನ್ ಶ್ವೈಗರ್ 2000ದಲ್ಲಿ ಹೊರತಂದ ‘ಆರ್ಬಿಟರ್’ ಉಂಟು, ಉಚಿತ. ನನಗೆ ಅದರಲ್ಲಿ ನಿದ್ದೆ ಬರುತ್ತದೆ, ಕ್ಷಮಿಸಿ.)

ಆಟ ಆಡಿದ ಮೇಲೆ ಇಸ್ರೋ ಸುದ್ದಿ ಓದುವ ರೀತಿಯೇ ಬದಲಾಯಿತು. 2013ರ ನವೆಂಬರ್ 11ರಂದು ಮಂಗಳಯಾನದ ಕಕ್ಷೆ ಎತ್ತರಿಸುವಾಗ ಸೆಕೆಂಡಿಗೆ 130 ಮೀಟರ್ ವೇಗ ಹೆಚ್ಚಬೇಕಾದಲ್ಲಿ 35 ಮೀಟರ್ ಮಾತ್ರ ಹೆಚ್ಚಿತು. ನಾನಾಗ ಪಿಯುಸಿ, ಪೇಪರಿನಲ್ಲಿ ಓದಿ ಕಥೆ ಮುಗಿಯಿತೆಂದು ಎಣಿಸಿದ್ದೆ. ಅವರು ಮರುದಿನವೇ ಇನ್ನೊಂದು ಸಲ ಎಂಜಿನ್ ಉರಿಸಿ ಉಳಿಕೆಯನ್ನು ಸರಿತೂಗಿಸಿದರು. 2014ರ ಸೆಪ್ಟೆಂಬರ್ 24ಕ್ಕೆ ನೌಕೆ ಮಂಗಳ ಮುಟ್ಟಿತು. ಅದೇ 2022ರ ಆಗಸ್ಟ್ 7ರಂದು ಹೊಸ ಎಸ್ಸೆಸ್ಸೆಲ್ವಿಯ ಮೊದಲ ಹಾರಾಟದಲ್ಲಿ ಉಪಗ್ರಹಗಳು 356 ಕಿಲೋಮೀಟರಿನ ಉರುಟು ಕಕ್ಷೆಗೆ ಸೇರುವ ಬದಲು 356ಕ್ಕೆ 76ರ ಮೊಟ್ಟೆಯಾಕಾರದ ಕಕ್ಷೆಗೆ ಸೇರಿದವು ಎಂದು ಓದಿದಾಗ, ಆಫೀಸಿನಲ್ಲಿ ಯಾರಿಗೂ ಅರ್ಥವಾಗದ ಹಾಗೆ "ಓ ದೇವರೇ" ಎಂದೆ. 76 ಎಂದರೆ ಗಾಳಿಯೊಳಗೆ. ಒಂದು ಸುತ್ತು ಮುಗಿಸುವ ಮೊದಲೇ ಕೆಳಗೆ ಬರುತ್ತದೆ. ಅಡ್ಡ ವೇಗದಲ್ಲಿ ಕಡಿಮೆಯಾದದ್ದು ಸುಮಾರು ನೂರಕ್ಕೆ ಒಂದು ಪಾಲು, ಅಷ್ಟೇ! ಅದರಲ್ಲಿದ್ದ ‘ಆಜಾದಿಸ್ಯಾಟ್’ಗೆ ದೇಶದ ಬೇರೆ ಬೇರೆ ಕಡೆಯ ಸರಕಾರಿ ಶಾಲೆಗಳ 750 ಹುಡುಗಿಯರು ಕೆಲಸ ಮಾಡಿದ್ದರು. ಆ ದಿನ ಆ ಮಕ್ಕಳಿಗೆ ಮಾಷ್ಟ್ರುಗಳು ಏನು ಹೇಳಿರಬಹುದು ಎಂದು ತುಂಬ ಹೊತ್ತು ಯೋಚಿಸಿದೆ. 2023ರ ಫೆಬ್ರವರಿ 10ಕ್ಕೆ ಎರಡನೆಯ ಹಾರಾಟದಲ್ಲಿ ಆಜಾದಿಸ್ಯಾಟ್-2 ಹೋಗಿ ಕೂತಿತು.

ಇದನ್ನೆಲ್ಲ ನಾನು ಹೇಳಿದಾಗ ಪೂರ್ತಿ ಕೇಳುವವರು ಮನೆಯಲ್ಲಿ ಒಬ್ಬರೇ, ಮಾವ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೇ ಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟು ಸಿಕ್ಕಿತಲ್ಲ, ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಇಟ್ಟಿದ್ದರು. ಉಳಿದವರ ರಾಕೆಟ್ಟಿನ ಕಾಗದದ ಕೊಳವೆ ತಡೆಯದ ಒತ್ತಡವನ್ನು ಮೈಸೂರಿನವರ ಕಬ್ಬಿಣದ ಕೊಳವೆ ತಡೆಯುತ್ತಿತ್ತು, ಅದಕ್ಕೇ ಅಷ್ಟು ದೂರ ಹೋಗುತ್ತಿತ್ತು ಎಂದು ನಾನು ವಿವರಿಸಿದೆ. ಮಾವ ಎಡಗೈಯನ್ನು ಒಮ್ಮೆ ತಿರುಗಿಸಿ ನೋಡಿದರು.

"ಅವರದ್ದು ತಡೀತು. ನನ್ನದು ತಡೀಲಿಲ್ಲ."

ಆ ಬೆರಳುಗಳ ಬಗ್ಗೆ ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಮಾತು. ಐವತ್ತು ವರ್ಷದಿಂದ ಊರವರು ‘ಮದ್ದು ತುಂಬಿಸಿ ಕೈ ಕಳಕೊಂಡವ’ ಎಂದೇ ಅವರ ಗುರುತು ಹೇಳುವುದು. ಪೈಪಿನೊಳಗೆ ಎಷ್ಟು ಒತ್ತಡ ಇದ್ದಿರಬಹುದು, ಯಾಕೆ ಒಡೆಯಿತು ಎಂದು ಅವರ ಜತೆ ಕೂತು ಲೆಕ್ಕ ಹಾಕಿದವರು ಒಬ್ಬರೂ ಇರಲಿಲ್ಲ. ಆ ರಾತ್ರಿ ನಾವಿಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು. ಅಮ್ಮ ಬಾಗಿಲಿನಲ್ಲಿ ನಿಂತು ನೋಡಿದಳು, ಏನೂ ಹೇಳಲಿಲ್ಲ. ಚಹಾ ತಂದಿಟ್ಟಳು.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ಮೇಲೆ ಇಳಿಯುವಾಗ ನಾವಿಬ್ಬರೂ ಅವರ ಮನೆಯ ಟಿವಿಯ ಎದುರು ಇದ್ದೆವು. ವೇಗ ಇಳಿಯುವ ಗೆರೆಯನ್ನು ಅವರು ಬೆರಳಲ್ಲಿ ಗಾಳಿಯಲ್ಲಿ ಎಳೆಯುತ್ತಿದ್ದರು. ಇಳಿದ ಮೇಲೆ ಕೇಳಿದರು, "ನಿನ್ನ ಆಟದಲ್ಲಿ ಹೀಗೆ ಇಳಿಸಲಿಕ್ಕೆ ಆಗ್ತದಾ?"

ಲ್ಯಾಪ್‌ಟಾಪು ತೆರೆದು ಕೊಟ್ಟೆ. ಈಗ ನಾನು ಊರಿಗೆ ಹೋದಾಗಲೆಲ್ಲ ಇದೇ ಕೆಲಸ. ಮೌಸು ಬಲಗೈಯಲ್ಲಿ, ಕೀಲಿಮಣೆಗೆ ಎಡಗೈಯ ಮೂರು ಬೆರಳು ಧಾರಾಳ ಸಾಕು. ಜೆಬಡಾಯಾ ಎಂಬ ಗಗನಯಾತ್ರಿಯನ್ನು ಅವರು ‘ಜಬ್ಬಣ್ಣ’ ಎಂದು ಕರೆಯುತ್ತಾರೆ. ಎಷ್ಟು ಬಿದ್ದರೂ ಉಡಾವಣೆಗೆ ಮೊದಲಿನ ಸ್ಥಿತಿಗೆ ವಾಪಸ್ಸು ಹೋಗುವ ಬಟನ್ ಒಂದು ಉಂಟು ಎಂದು ತೋರಿಸಿದೆ. ಅವರು ಅದನ್ನು ಒತ್ತುವುದಿಲ್ಲ. "ಹೋದದ್ದು ಹೋಯ್ತು, ಮುಂದೆ ಕಟ್ಟುವ" ಎನ್ನುತ್ತಾರೆ.

ಕಳೆದ ಸಲ ಅವರ ನೌಕೆ ಆಟದ ಚಂದ್ರನ ಮೇಲೆ ಇಳಿದದ್ದೇ ಇಳಿಜಾರಿನಲ್ಲಿ ಅಡ್ಡ ಬಿತ್ತು. ಜಬ್ಬಣ್ಣ ಹೊರಗೆ ಬಂದು ನಿಂತಿದ್ದಾನೆ. ಜೀವಕ್ಕೆ ಅಪಾಯವಿಲ್ಲ, ವಾಪಸ್ಸು ಬರಲಿಕ್ಕೆ ವಾಹನವಿಲ್ಲ. ಕರೆದು ತರಲು ಇನ್ನೊಂದನ್ನು ಕಳಿಸಿದರು, ಅದೂ ಪಕ್ಕದಲ್ಲೇ ಅಡ್ಡ ಬಿತ್ತು. ಈಗ ಅಲ್ಲಿ ಇಬ್ಬರು. ಮೊನ್ನೆ ಫೋನಿನಲ್ಲಿ, ಕಾಲುಗಳನ್ನು ಇನ್ನೂ ಅಗಲಕ್ಕೆ ಇಡಬೇಕು, ಭಾರ ಕೆಳಗೆ ಬರಬೇಕು, ಕಾಗದದಲ್ಲಿ ಚಿತ್ರ ಬಿಡಿಸಿಟ್ಟಿದ್ದೇನೆ ಎಂದರು. ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿದ್ದೇನೆ.