ಆಟದ ಪಟವೂ ತಕ್ಕಡಿಯ ಮುಳ್ಳೂ

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಮನೆಮಂದಿಯೆಲ್ಲ ಒಂದೆಡೆ ಕುಳಿತುಕೊಳ್ಳುವ ರೂಢಿ ನಮ್ಮ ಎಷ್ಟೋ ಕುಟುಂಬಗಳಲ್ಲಿ ಇನ್ನೂ ಉಳಿದಿದೆ. ಹಿಂದೆ ಆ ಹೊತ್ತು ಪುರಾಣಶ್ರವಣಕ್ಕೋ ಅಂಗಡಿಯ ಲೆಕ್ಕಕ್ಕೋ ಸಲ್ಲುತ್ತಿತ್ತು. ಈಗ ಅದರಲ್ಲಿ ಬಹುಪಾಲು ದೂರದರ್ಶನದ ಪಾಲಾಗಿದೆ. 2000ನೆಯ ಇಸವಿಯ ಜುಲೈ 3ರಂದು ಅಮಿತಾಭ್ ಬಚ್ಚನ್ ಅವರ ನಿರ್ವಹಣೆಯಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಆರಂಭವಾಯಿತು. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರು ‘ಕನ್ನಡದ ಕೋಟ್ಯಧಿಪತಿ’ಯನ್ನು ನಡೆಸಿಕೊಟ್ಟರು. ಅಂದಿನಿಂದ ಬಹುಮಾನದ ಆಟಗಳು ನಮ್ಮ ಮನೆಗಳಲ್ಲಿ ನೆಂಟರಂತೆ ಉಳಿದುಬಿಟ್ಟಿವೆ. ಇವು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತಕ್ಕೆ ಸೇರುತ್ತವೆಯೋ ಇಲ್ಲವೋ ಎಂಬ ಚರ್ಚೆ ವಿದ್ವಾಂಸರಿಗೆ ಬಿಟ್ಟದ್ದು. ನಾನು ವ್ಯಾಪಾರಿ. ನನ್ನ ಗಮನ ಹೋದದ್ದು ಆಟದ ಸಾಮಗ್ರಿಯ ಕಡೆಗೆ.

ಆ ಸಾಮಗ್ರಿಯ ವೈಭವವನ್ನು ಒಮ್ಮೆ ನೆನೆಯಿರಿ. ವೃತ್ತಾಕಾರದ ರಂಗ, ನಡುವೆ ಎತ್ತರದ ಎರಡು ಪೀಠ, ಸುತ್ತಲೂ ಕತ್ತಲೆಯಲ್ಲಿ ಪ್ರೇಕ್ಷಕರು. ಮುಂದಿನ ಪ್ರಶ್ನೆ ಬಂದಾಗಲೆಲ್ಲ ಮೇಲಿನ ದೀಪಗಳು ಬಾಗಿ ಸ್ಪರ್ಧಿಯನ್ನು ಆವರಿಸುತ್ತವೆ. ಸಂಗೀತ ಎದೆಬಡಿತದಂತೆ ನಡೆಯುತ್ತದೆ. ಈ ಏರ್ಪಾಡು 1998ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಮೂಲ ಕಾರ್ಯಕ್ರಮದಿಂದ ಬಂದದ್ದು. ಅಮೆರಿಕದಲ್ಲಿ 1975ರಲ್ಲಿ ಮೊದಲಾದ ‘ವ್ಹೀಲ್ ಆಫ್ ಫಾರ್ಚೂನ್’ ಎಂಬ ಆಟದ ಚಕ್ರಕ್ಕೆ 24 ಭಾಗಗಳು. ಅದರ ತೂಕ ಸುಮಾರು 2,400 ಪೌಂಡು, ಅಂದರೆ ಹೆಚ್ಚುಕಡಿಮೆ 1,090 ಕಿಲೋಗ್ರಾಂ. ಅದೇ ದೇಶದ ‘ದಿ ಪ್ರೈಸ್ ಈಸ್ ರೈಟ್’ ಕಾರ್ಯಕ್ರಮದಲ್ಲಿ 1983ರಿಂದ ‘ಪ್ಲಿಂಕೊ’ ಎಂಬ ಆಟವಿದೆ. ಎತ್ತರದ ಹಲಗೆಯ ತುಂಬ ಗೂಟಗಳು. ಮೇಲಿನಿಂದ ಬಿಟ್ಟ ಬಿಲ್ಲೆ ಗೂಟದಿಂದ ಗೂಟಕ್ಕೆ ಬಡಿಯುತ್ತ ಇಳಿದು ಕೆಳಗಿನ ಯಾವುದೋ ಒಂದು ಗೂಡಿಗೆ ಬೀಳುತ್ತದೆ. ನೋಡಲು ಇವೆಲ್ಲ ಸೊಗಸು. ಸೊಗಸನ್ನು ದೋಷವೆನ್ನುವ ಶುಷ್ಕ ಮನಸ್ಸು ನನ್ನದಲ್ಲ.

ಆದರೆ ವಾಣಿಜ್ಯ ಪದವಿಗಾಗಿ ಓದುತ್ತಿದ್ದಾಗ ಲೆಕ್ಕಪರಿಶೋಧನೆಯ ಪಾಠದಲ್ಲಿ ಕಲಿತ ಒಂದು ಮಾತು ನಾಲ್ಕು ದಶಕಗಳ ವ್ಯಾಪಾರದಲ್ಲಿ ನನ್ನನ್ನು ಬಿಟ್ಟಿಲ್ಲ. ಖಾತೆಪುಸ್ತಕದ ಕಟ್ಟು ಎಷ್ಟೇ ಅಂದವಾಗಿರಲಿ, ಅಕ್ಷರ ಎಷ್ಟೇ ದುಂಡಾಗಿರಲಿ, ಅದು ಲೆಕ್ಕಕ್ಕೆ ಸಾಕ್ಷಿಯಾಗಲಾರದು, ರಸೀದಿ ಬೇಕು. ತಕ್ಕಡಿಯೂ ಹಾಗೆಯೇ. ಹಿತ್ತಾಳೆಯ ತಟ್ಟೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಿದರೆ ಗಿರಾಕಿಗೆ ವಿಶ್ವಾಸ ಹುಟ್ಟುತ್ತದೆ, ನಿಜ. ತೂಕವನ್ನು ಹೇಳುವುದು ಮಾತ್ರ ಮುಳ್ಳು. ತಟ್ಟೆಯ ಹೊಳಪು ಮುಳ್ಳಿನ ಕಡೆಗೆ ನೋಡದಂತೆ ಮಾಡಿದರೆ ಅಲ್ಲಿಂದಲೇ ಅಪಾಯ ಆರಂಭವಾಗುತ್ತದೆ. ಚಕ್ರವಾಗಲಿ ಪ್ಲಿಂಕೊ ಹಲಗೆಯಾಗಲಿ ತನ್ನ ಮುಳ್ಳನ್ನು ಎಲ್ಲರ ಕಣ್ಣೆದುರು ಇಟ್ಟುಕೊಂಡಿದೆ. ಎಲ್ಲ ಆಟಗಳೂ ಹಾಗಿರಲಿಲ್ಲ.

1955ರಲ್ಲಿ ಅಮೆರಿಕದಲ್ಲಿ 64,000 ಡಾಲರುಗಳ ಪ್ರಶ್ನೆಯೆಂಬ ಹೆಸರಿನ ಕಾರ್ಯಕ್ರಮ ಆರಂಭವಾಗಿ ದೇಶವನ್ನೇ ಮರುಳುಮಾಡಿತು. ಪ್ರಶ್ನೆಗಳನ್ನು ಬ್ಯಾಂಕಿನ ಅಧಿಕಾರಿಯೊಬ್ಬರು ಕಾವಲುಗಾರರೊಡನೆ ರಂಗಕ್ಕೆ ತರುತ್ತಿದ್ದರು. ದೊಡ್ಡ ಮೊತ್ತದ ಪ್ರಶ್ನೆಗೆ ಸ್ಪರ್ಧಿಯನ್ನು ಗಾಜಿನ ಕೋಣೆಯಲ್ಲಿ ನಿಲ್ಲಿಸುತ್ತಿದ್ದರು. ಅದರ ಯಶಸ್ಸನ್ನು ಕಂಡು 1956ರ ಸೆಪ್ಟೆಂಬರಿನಲ್ಲಿ ‘ಟ್ವೆಂಟಿ ಒನ್’ ಎಂಬ ಇನ್ನೊಂದು ಕಾರ್ಯಕ್ರಮ ಹೊರಟಿತು. ಅದರಲ್ಲಿ ಎರಡು ಗಾಜಿನ ಕೋಣೆಗಳು. ಇಬ್ಬರು ಸ್ಪರ್ಧಿಗಳು ಕಿವಿಗೆ ಸಾಧನ ಧರಿಸಿ ಒಳಗೆ ನಿಲ್ಲಬೇಕು. ಹೊರಗಿನ ಸದ್ದಾಗಲಿ ಎದುರಾಳಿಯ ಉತ್ತರವಾಗಲಿ ಕೇಳಿಸದು. ಒಂದರಿಂದ ಹನ್ನೊಂದು ಅಂಕಗಳವರೆಗಿನ ಪ್ರಶ್ನೆಗಳಲ್ಲಿ ತಮಗೆ ಬೇಕಾದುದನ್ನು ಆರಿಸಿಕೊಂಡು ಇಪ್ಪತ್ತೊಂದನ್ನು ಮುಟ್ಟಬೇಕು. ಆ ಕೋಣೆಯನ್ನು ಕಂಡ ಪ್ರೇಕ್ಷಕನಿಗೆ ಇಲ್ಲಿ ಮೋಸಕ್ಕೆ ಸೂಜಿಮೊನೆಯಷ್ಟೂ ಜಾಗವಿಲ್ಲವೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ನಡೆದದ್ದು ಬೇರೆ. ಮೊದಲ ಪ್ರದರ್ಶನ ಪ್ರಾಮಾಣಿಕವಾಗಿಯೇ ನಡೆದಿತ್ತು. ಸ್ಪರ್ಧಿಗಳು ಉತ್ತರ ತಿಳಿಯದೆ ತಡವರಿಸಿದರು, ಆಟ ನೀರಸವಾಯಿತು, ಪ್ರಾಯೋಜಕರು ಸಿಟ್ಟಾದರು. ಆಮೇಲೆ ನಿರ್ಮಾಪಕ ಡ್ಯಾನ್ ಎನ್‌ರೈಟ್ ಸ್ಪರ್ಧಿಗಳಿಗೆ ಪ್ರಶ್ನೆ ಉತ್ತರಗಳನ್ನು ಮುಂಚೆಯೇ ಕೊಡತೊಡಗಿದರು. ಹರ್ಬರ್ಟ್ ಸ್ಟೆಂಪೆಲ್ ಎಂಬ ಸ್ಪರ್ಧಿಗೆ ಯಾವಾಗ ತಡವರಿಸಬೇಕು, ಹಣೆಯ ಬೆವರನ್ನು ಹೇಗೆ ಒತ್ತಿಕೊಳ್ಳಬೇಕು ಎಂಬುದನ್ನೂ ಕಲಿಸಲಾಗಿತ್ತು. ಬೆವರು ಚೆನ್ನಾಗಿ ಬರಲೆಂದು ಕೋಣೆಯೊಳಗಿನ ತಂಪುಗಾಳಿಯನ್ನು ನಿಲ್ಲಿಸುತ್ತಿದ್ದರಂತೆ. 1956ರ ಡಿಸೆಂಬರ್ 5ರಂದು ಆತ ಆಜ್ಞೆಯಂತೆ, ತನಗೆ ಚೆನ್ನಾಗಿ ಗೊತ್ತಿದ್ದ ಒಂದು ಪ್ರಶ್ನೆಗೆ ತಪ್ಪು ಉತ್ತರ ಹೇಳಿ ಸೋತ. ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರನ್ ಗೆದ್ದ. ಮುಂದೆ ವ್ಯಾನ್ ಡೋರನ್ 1,29,000 ಡಾಲರು ಗಳಿಸಿ ದೇಶದ ಕಣ್ಮಣಿಯಾದ. 1959ರ ನವೆಂಬರ್ 2ರಂದು ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಮರುವರ್ಷ ಇಂಥ ಮೋಸವನ್ನು ಅಪರಾಧವೆಂದು ಸಾರುವ ಕಾನೂನು ಬಂದಿತು.

ಇಲ್ಲಿ ಗಾಜಿನ ಕೋಣೆಯ ಪಾತ್ರವೇನೆಂದು ವಿಚಾರಿಸಬೇಕು. ಅದು ಸದ್ದನ್ನು ತಡೆಯಿತು. ಮುಂಚಿನ ದಿನ ಮುಚ್ಚಿದ ಬಾಗಿಲ ಹಿಂದೆ ನಡೆದ ಮಾತನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಪ್ರೇಕ್ಷಕನ ಸಂಶಯವನ್ನು ಮಾತ್ರ ಅದು ಸಂಪೂರ್ಣವಾಗಿ ತಡೆಯಿತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಐದು ಅತಿಚಾರಗಳನ್ನು ಹೇಳುವಾಗ ಹೀನಾಧಿಕಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂಬ ಎರಡನ್ನು ಉಮಾಸ್ವಾತಿ ಆಚಾರ್ಯರು ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ಕಳ್ಳ ತೂಕ ಒಂದು. ಅಸಲಿನ ಹೆಸರಿನಲ್ಲಿ ನಕಲನ್ನು ನಡೆಯಿಸುವುದು ಇನ್ನೊಂದು. ಆ ಕೋಣೆಯಲ್ಲಿ ಎರಡೂ ಒಟ್ಟಿಗೆ ನಡೆದವು. ಪ್ರೇಕ್ಷಕನ ಜೇಬಿನಿಂದ ಒಂದು ಕಾಸೂ ಹೋಗಲಿಲ್ಲವೆಂಬ ಸಮಾಧಾನ ಸಲ್ಲದು. ಅವನ ವಿಶ್ವಾಸವನ್ನು ಅವನಿಗೆ ತಿಳಿಯದಂತೆ ತೆಗೆದುಕೊಂಡದ್ದು ಅದತ್ತಾದಾನವೇ.

ಎರಡನೆಯ ಉದಾಹರಣೆ ಇದಕ್ಕೆ ತಿರುಗುಮುರುಗಾದದ್ದು. 1984ರಲ್ಲಿ ‘ಪ್ರೆಸ್ ಯುವರ್ ಲಕ್’ ಎಂಬ ಆಟದಲ್ಲಿ 18 ಮನೆಗಳ ಭಾರೀ ಪಟವೊಂದಿತ್ತು. ಮನೆಯಿಂದ ಮನೆಗೆ ಬೆಳಕು ಮಿಂಚಿನಂತೆ ಹಾರುತ್ತಿರುತ್ತದೆ. ಸ್ಪರ್ಧಿ ಗುಂಡಿ ಒತ್ತಿದಾಗ ಅದು ನಿಂತ ಮನೆಯ ಹಣ ಅವನದು. ಕೆಲವು ಮನೆಗಳಲ್ಲಿ ಕೆಂಪು ಬಣ್ಣದ ಪುಟ್ಟ ಭೂತವೊಂದು ಕಾಣಿಸಿಕೊಳ್ಳುತ್ತದೆ; ಅಲ್ಲಿ ಬೆಳಕು ನಿಂತರೆ ಗಳಿಸಿದ್ದೆಲ್ಲ ಹೋಯಿತು. ಎಲ್ಲರೂ ಅದನ್ನು ಅದೃಷ್ಟವೆಂದು ತಿಳಿದಿದ್ದರು. ಓಹಾಯೋ ರಾಜ್ಯದ ಮೈಕೆಲ್ ಲಾರ್ಸನ್ ಎಂಬಾತ ಕಾರ್ಯಕ್ರಮವನ್ನು ವಿಡಿಯೋದಲ್ಲಿ ಮುದ್ರಿಸಿಕೊಂಡು ನಿಧಾನವಾಗಿ ನೋಡಿ, ಬೆಳಕು ಹಾರುವ ಕ್ರಮಗಳು ಐದೇ ಐದು ಎಂಬುದನ್ನೂ, ಎರಡು ಮನೆಗಳಲ್ಲಿ ಭೂತ ಎಂದೂ ಬರುವುದಿಲ್ಲ ಎಂಬುದನ್ನೂ ಕಂಡುಹಿಡಿದ. ಆ ಕ್ರಮಗಳನ್ನು ಬಾಯಿಪಾಠ ಮಾಡಿ ಸ್ಪರ್ಧೆಗೆ ಹೋಗಿ, ಭೂತವನ್ನು ತಪ್ಪಿಸಿ ಸತತವಾಗಿ ಮೂವತ್ತಕ್ಕೂ ಹೆಚ್ಚು ಬಾರಿ ಆಡಿ 1,10,237 ಡಾಲರು ಗೆದ್ದ. ವಾಹಿನಿಯವರು ಪರಿಶೀಲಿಸಿದರು, ನಿಯಮ ಮುರಿದದ್ದು ಕಾಣಲಿಲ್ಲ, ಹಣ ಕೊಟ್ಟರು. ಪಟದ ಕ್ರಮಗಳನ್ನು ಹೆಚ್ಚಿಸಿದರು.

ಈ ಕಥೆಯನ್ನು ಕೇಳಿದ ನನ್ನ ಮೊಮ್ಮಗ, “ಅಜ್ಜಾ, ಅವನು ಮಾಡಿದ್ದು ಮೋಸವೇ?” ಎಂದು ಕೇಳಿದ. ಒಂದೇ ಮಾತಿನಲ್ಲಿ ಉತ್ತರಿಸುವಂತಿಲ್ಲವೆಂದೆ. ಎಲ್ಲರ ಮುಂದಿದ್ದ ಪಟವನ್ನೇ ಆತ ಓದಿದ; ಯಾರ ಬೀಗವನ್ನೂ ಮುರಿಯಲಿಲ್ಲ. ಅದೃಷ್ಟವೆಂಬ ಹೆಸರಿನಲ್ಲಿ ಐದು ಕ್ರಮಗಳನ್ನು ಮುಂದಿಟ್ಟವರು ಪಟದ ಒಡೆಯರು. ಆದರೆ ಆತನ ಪರಿಶ್ರಮದ ಹಿಂದಿದ್ದ ತೃಷ್ಣೆ ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ರೇಡಿಯೋದ ಒಂದು ಸ್ಪರ್ಧೆಯಲ್ಲಿ ನೋಟಿನ ಸಂಖ್ಯೆ ಹೊಂದಿಸುವ ಆಸೆಯಿಂದ ಒಂದು ಡಾಲರಿನ ನೋಟುಗಳಲ್ಲಿ ದೊಡ್ಡ ಮೊತ್ತವನ್ನು ಮನೆಯಲ್ಲಿ ತಂದಿಟ್ಟುಕೊಂಡ, ಅದು ಕಳವಾಯಿತು. “ಮೋಸವಲ್ಲದ್ದೆಲ್ಲ ಹಿತವಲ್ಲ, ಮಗೂ” ಎಂದಷ್ಟೇ ಹೇಳಿದೆ.

ಅವನಿಗೆ ಆ ಸಂಜೆ ಇನ್ನೊಂದು ಪಟದ ಚಿತ್ರವನ್ನು ತೋರಿಸಿದೆ. ರಾಜಸ್ಥಾನ, ಗುಜರಾತಿನ ಕಡೆಯ ಜೈನರು ಬಟ್ಟೆಯ ಮೇಲೂ ಕಾಗದದ ಮೇಲೂ ಬರೆಯಿಸುತ್ತಿದ್ದ ಜ್ಞಾನಬಾಜಿ ಎಂಬ ಆಟದ ಪಟವದು. ಇಂದು ಮಕ್ಕಳು ಆಡುವ ಹಾವು ಏಣಿ ಆಟದ ಪೂರ್ವಿಕರಲ್ಲಿ ಒಂದು. ಅಲ್ಲಿ 84 ಮನೆಗಳು. ಪುಣ್ಯದ ಮನೆಯಿಂದ ಏಣಿ, ಪಾಪದ ಮನೆಯಿಂದ ಹಾವು. ಎಲ್ಲಕ್ಕೂ ಮೇಲೆ ಸಿದ್ಧಶಿಲೆ. ಪರ್ಯೂಷಣದ ದಿನಗಳಲ್ಲಿ ಅದನ್ನು ಆಡುವ ಪದ್ಧತಿಯಿತ್ತು. ಚಿತ್ರಕಾರನ ಕೈಚಳಕದಲ್ಲಿ ಅದು ಯಾವ ರಂಗಸಜ್ಜಿಕೆಗೂ ಕಡಿಮೆಯಲ್ಲ. ಆದರೆ ಯಾವ ಮನೆಯಿಂದ ಎಲ್ಲಿಗೆ ಏರುತ್ತೇವೆ, ಎಲ್ಲಿಗೆ ಜಾರುತ್ತೇವೆ ಎಂಬುದು ಕವಡೆ ಬೀಳುವ ಮೊದಲೇ ಆಡುವವನಿಗೂ ನೋಡುವವನಿಗೂ ಸಮಾನವಾಗಿ ಕಾಣುತ್ತದೆ. ಪಟ ಬರೆದವನು ತನಗಾಗಿ ಒಂದು ಗುಟ್ಟಿನ ಮನೆಯನ್ನು ಉಳಿಸಿಕೊಂಡಿಲ್ಲ.

ಇದನ್ನೆಲ್ಲ ಬರೆಯುವುದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಾನು ಸದಸ್ಯನಾಗಿದ್ದ ಒಂದು ಸಮಿತಿ ದಶಲಕ್ಷಣ ಪರ್ವದಲ್ಲಿ ಮಕ್ಕಳಿಗೆ ಧಾರ್ಮಿಕ ಪ್ರಶ್ನೋತ್ತರ ಸ್ಪರ್ಧೆಯನ್ನು ಏರ್ಪಡಿಸಿತು. ಟಿ.ವಿ.ಯಲ್ಲಿ ಕಂಡಂತೆಯೇ ಎತ್ತರದ ಪೀಠ, ಬಣ್ಣದ ದೀಪ, ತಿರುಗುವ ಚಕ್ರ ಎಲ್ಲವೂ ಸಿದ್ಧವಾದವು. ಆಗ ಒಬ್ಬರು, “ಯಜಮಾನರೇ, ಕೊನೆಯ ಸುತ್ತಿನ ನಾಲ್ಕು ಮಕ್ಕಳಿಗೆ ಪ್ರಶ್ನೆಗಳನ್ನು ಹಿಂದಿನ ದಿನವೇ ತಿಳಿಸಿಬಿಡೋಣ. ಇಷ್ಟೆಲ್ಲ ಖರ್ಚುಮಾಡಿ ಮಕ್ಕಳು ಬಾಯಿ ಕಟ್ಟಿ ನಿಂತರೆ ಸಭೆಗೆ ಶೋಭೆಯೇ? ಇದರಿಂದ ಯಾರಿಗೇನು ನಷ್ಟ?” ಎಂದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಧರ್ಮಪ್ರಭಾವನೆಯೇ ಅವರ ಉದ್ದೇಶ, ಹಲವರು ತಲೆದೂಗಿದರು. ನಾನು 1956ರ ಗಾಜಿನ ಕೋಣೆಯ ವೃತ್ತಾಂತವನ್ನು ಹೇಳಿದೆ. ಅಲ್ಲಿಯೂ ಮೊದಲು ಹುಟ್ಟಿದ್ದು ಸಭೆಗೆ ಬೇಸರವಾದೀತೆಂಬ ಭಯವೇ ಎಂದು ನೆನಪಿಸಿದೆ. ಮಾತು ಬಿಸಿಯಾಯಿತು. ಕೊನೆಗೆ ಮಹಿಳಾ ಸಮಾಜದ ಹಿರಿಯರೊಬ್ಬರು, “ಕೊಡುವುದಾದರೆ ಎಲ್ಲ ಮಕ್ಕಳಿಗೂ ಕೊಡಿ” ಎಂದರು. ದಾರಿ ಕಂಡಿತು. ಇನ್ನೂರು ಪ್ರಶ್ನೆಗಳನ್ನು ಉತ್ತರಸಹಿತ ಅಚ್ಚುಹಾಕಿಸಿ ಮನೆಮನೆಗೆ ಹಂಚಿದೆವು. ಸ್ಪರ್ಧೆಯ ದಿನ ಎಲ್ಲರೆದುರು ತಾಮ್ರದ ಬಿಂದಿಗೆಯಿಂದ ಚೀಟಿ ಎತ್ತಿಸಿದೆವು.

ಕಾರ್ಯಕ್ರಮ ನಿಧಾನವಾಗಿ ನಡೆಯಿತು. ಒಬ್ಬ ಬಾಲಕಿ ದೀಪಗಳ ನಡುವೆ ನಿಂತು ಬಹಳ ಹೊತ್ತು ಯೋಚಿಸಿ, “ನನಗೆ ಗೊತ್ತಿಲ್ಲ” ಎಂದಳು. ಸಭೆ ಚಪ್ಪಾಳೆ ತಟ್ಟಿತು. ರಂಗಸಜ್ಜಿಕೆಗೆ ಧನಸಹಾಯ ಮಾಡಿದ್ದ ಮಹನೀಯರೊಬ್ಬರಿಗೆ ಇದು ರುಚಿಸಲಿಲ್ಲ. ಮರುವರ್ಷ ಅವರ ಕೊಡುಗೆ ಬರಲಿಲ್ಲ. ಆ ನಷ್ಟವನ್ನು ಸಮಿತಿ ಲೆಕ್ಕದಲ್ಲಿ ತೋರಿಸಿತು, ಸಹಿಸಿತು.

ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪಂಚಕಲ್ಯಾಣದ ಸವಾಲಿರಲಿ, ಹುಂಡಿಯ ಎಣಿಕೆಯಿರಲಿ, ಮಕ್ಕಳ ಸ್ಪರ್ಧೆಯಿರಲಿ, ಶಕ್ತಿಯಿದ್ದಷ್ಟು ವೈಭವದಿಂದ ನಡೆಸೋಣ. ವೈಭವದ ಅಂದಾಜುಪಟ್ಟಿಯನ್ನು ಮಂಜೂರು ಮಾಡುವ ಮೊದಲು ಒಂದು ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆದು ಉತ್ತರಿಸೋಣ: ಇದರ ಮುಳ್ಳು ಎಲ್ಲಿದೆ, ಮತ್ತು ಕೊನೆಯ ಸಾಲಿನಲ್ಲಿ ಕುಳಿತವರಿಗೆ ಅದು ಕಾಣುತ್ತದೆಯೇ?