ವಾಲ್ವಿನ ಆಯುಷ್ಯ

ಅಕ್ಕಿಯಿಂದ ಹಿಡಿದು ಸಂಗೀತದವರೆಗೆ ಹಳೆಯದೇ ಮೇಲು ಎಂಬುದು ನಮ್ಮ ತಾತನ ಸಿದ್ಧಾಂತ. ಅವರೊಡನೆ ವಾದಿಸುವ ಎದೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಆದರೆ ಅವರ ಧ್ವನಿವರ್ಧಕದ ವಾಲ್ವುಗಳ ಮಟ್ಟಿಗೆ ಆ ಮಾತು ಎಷ್ಟು ನಿಜವೆಂದು ಪರೀಕ್ಷಿಸುವ ಪ್ರಸಂಗ ನನಗೊದಗಿತು.

ತಾತ ತಾವೇ ಕಟ್ಟಿದ ಆ ಪೆಟ್ಟಿಗೆಯಲ್ಲಿದ್ದವು ಎರಡು ಇ.ಎಲ್. 84 ವಾಲ್ವುಗಳು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತು; ಇವು ಅಲ್ಲಿಯವೇ. ಈಗ ಅಲ್ಲಿ ಮನೆಬಳಕೆಯ ವಾಲ್ವು ತಯಾರಾಗುವುದಿಲ್ಲ. ಮೂರು ವರ್ಷದ ಕೆಳಗೆ ಅವುಗಳಲ್ಲೊಂದು ಕ್ಷೀಣಿಸಿತು. ತಾತನ ತಗಡಿನ ಡಬ್ಬಿಯಲ್ಲಿ ಉಳಿದದ್ದು ಒಂದೇ ಜೊತೆ. ಅದನ್ನು ಮುಟ್ಟದೆ ವಿದೇಶದ ಹೊಸ ಜೊತೆಯೊಂದನ್ನು ತರಿಸಿದೆವು. ಎಂಟೇ ತಿಂಗಳಿಗೆ ಅದರಲ್ಲೊಂದು ಗೊರಗೊರ ಎನ್ನತೊಡಗಿತು. ತಾತನ ಮುಖದಲ್ಲಿ ಆಗ ಕಂಡದ್ದು ವ್ಯಸನವಲ್ಲ, ವಿಜಯ!

ವಾಲ್ವು ಸಾಯುವುದಾದರೂ ಹೇಗೆ? ಅದರೊಳಗಿನ ಕ್ಯಾಥೋಡ್ ಎಂಬ ನಿಕ್ಕಲ್ ನಳಿಗೆಗೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪವಿರುತ್ತದೆ. ಸುಮಾರು 800 ಡಿಗ್ರಿ ಕಾದಾಗ ಆ ಲೇಪದಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಲೇಪ ಸವೆದಂತೆ ಆಯುಷ್ಯವೂ ಸವೆಯಿತೆಂದೇ ಲೆಕ್ಕ. ಒಳಗೆ ಅನಿಲವೇನಾದರೂ ಉಳಿದಿದ್ದರೆ ಲೇಪಕ್ಕೆ ಅದು ವಿಷ. ಆ ವಿಷವನ್ನು ನುಂಗಲೆಂದೇ ಗಾಜಿನ ನೆತ್ತಿಗೆ ಬೇರಿಯಮ್ಮಿನ ಬೆಳ್ಳಿಬಣ್ಣದ ಕನ್ನಡಿ ಬಳಿದಿರುತ್ತಾರೆ. ಗಾಜು ಬಿರಿದು ಗಾಳಿ ನುಗ್ಗಿದರೆ ಅದು ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಹಳೆಯ ಕಾರ್ಖಾನೆಗಳು ಈ ಲೇಪ, ಈ ನಿರ್ವಾತಗಳ ವಿಷಯದಲ್ಲಿ ಬಹು ಕಟ್ಟುನಿಟ್ಟು. ಆಗ ರೇಡಿಯೋ, ಟೆಲಿಫೋನು, ಸೈನ್ಯ ಎಲ್ಲಕ್ಕೂ ವಾಲ್ವೇ ಗತಿ. 1956ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ತೆರೆದ ಮೊದಲ ಟೆಲಿಫೋನ್ ಕೇಬಲು ವಾಲ್ವುಗಳನ್ನೇ ನಂಬಿ 1978ರವರೆಗೆ ದುಡಿಯಿತು. ಇಂದು ರಷ್ಯದ ಸರಾಟೋವ್, ಸ್ಲೊವಾಕಿಯದ ಚಾಡ್ಸಾ ಮುಂತಾದ ಬೆರಳೆಣಿಕೆಯ ಊರುಗಳಲ್ಲಿ ವಾಲ್ವು ತಯಾರಾಗುತ್ತದೆ. ಕೊಳ್ಳುವವರು ಗಿಟಾರಿನವರು ಮತ್ತು ನಮ್ಮ ತಾತನಂಥವರು.

ಇಷ್ಟಾದರೂ ನನಗೊಂದು ಸಂಶಯ ಉಳಿಯಿತು. ಹಳೆಯ ವಾಲ್ವುಗಳಲ್ಲಿ ನಾವು ಇಂದು ಕಾಣುವುದು ಬದುಕಿ ಉಳಿದವನ್ನು ಮಾತ್ರ. ಬೇಗ ಸತ್ತವು ಎಂದೋ ತಿಪ್ಪೆ ಸೇರಿದವು, ಅವುಗಳ ಸಾಕ್ಷ್ಯ ಕೇಳುವವರಿಲ್ಲ. ಅದಲ್ಲದೆ ಹಳೆಯದು ಕ್ಷೀಣಿಸಿದ ಸ್ಥಾನದಲ್ಲಿಯೇ ಹೊಸದೂ ಕೆಟ್ಟಿತ್ತು. ಭೌತಶಾಸ್ತ್ರದ ಸ್ನೇಹಿತನೊಬ್ಬನಿಂದ ಮೀಟರು ತಂದು ಅಳೆದೆ. ಇ.ಎಲ್. 84ರ ಆನೋಡ್ ತಾಳಿಕೊಳ್ಳುವ ಮಿತಿ 12 ವ್ಯಾಟ್. ಆ ಸ್ಥಾನದಲ್ಲಿ 15 ಸುಡುತ್ತಿತ್ತು! ಹಿಂದಿನ ಹಂತದಿಂದ ನಾದವನ್ನಷ್ಟೇ ದಾಟಿಸಬೇಕಾದ ಕೆಪ್ಯಾಸಿಟರು ಹಳತಾಗಿ, ವಿದ್ಯುತ್ತನ್ನೂ ಸೋರಲು ಬಿಟ್ಟಿತ್ತು. ಜಾಲಹಳ್ಳಿಯ ವಾಲ್ವು ಆ ಹಿಂಸೆಯನ್ನು ಎಷ್ಟು ಕಾಲ ಸಹಿಸಿತೋ! ಹೊಸದು ಸಹಿಸಲಿಲ್ಲ. ಕೆಪ್ಯಾಸಿಟರು ಬದಲಿಸಿ, ಇನ್ನೊಂದು ಹೊಸ ಜೊತೆ ಹಾಕಿ, 10 ವ್ಯಾಟಿಗೆ ಇಳಿಸಿದೆ. ಒಂದೂವರೆ ವರ್ಷ ನಡೆಯಿತು, ಚಕಾರವೆತ್ತಲಿಲ್ಲ. ತಾತ ಇದನ್ನು ಒಪ್ಪಿಕೊಂಡರು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಹೋದ ಯುಗಾದಿಯಂದು ಅವರೇ ಡಬ್ಬಿ ತಂದು ಆ ಕೊನೆಯ ಜೊತೆಯನ್ನು ಹಾಕೆಂದರು. ಮತ್ತೆ ಸಿಗುವ ವಸ್ತುವಲ್ಲ, ಇರಲಿ ಎಂದೆ. "ಎಷ್ಟು ಕಾಲ ಬಂದೀತು?" ಎಂದರು. 5,000 ಗಂಟೆ ಬಂದರೂ ದಿನಕ್ಕೆ ಎರಡು ಗಂಟೆಯಂತೆ ಏಳು ವರ್ಷಕ್ಕೆ ಸ್ವಲ್ಪ ಕಡಿಮೆ ಎಂದು ಲೆಕ್ಕ ಹೇಳಿದೆ. ತಾತನಿಗೆ ಈಗ 86.

"ಅಷ್ಟು ಸಾಕು, ಹಾಕು" ಎಂದರು. ಹಾಕಿದ್ದೇನೆ. ಹೊಸ ಜೊತೆ ಡಬ್ಬಿಯಲ್ಲಿದೆ.